ಹಿಂದಿನ ಸೀಟಿನಲ್ಲಿ ಮೂರು ಮಕ್ಕಳು

ಕಳೆದ ಬೇಸಿಗೆ ರಜೆಯಲ್ಲಿ ನಾವು ದರ್ಜಿಯ ಟೇಪು ಹಿಡಿದುಕೊಂಡು ಕಾರಿನ ಶೋರೂಮುಗಳನ್ನು ಸುತ್ತಿದೆವು. ಸಮಾಜ ಪಾಠ ಮಾಡುವ ಮಾಷ್ಟ್ರಿಗೆ ಇದೇನು ಹುಚ್ಚು ಎಂದು ನೀವು ಕೇಳಬಹುದು. ಸಂಗತಿ ಇಷ್ಟೆ. ನಮ್ಮ ತಂಗಿಗೆ ಮೂರು ಮಕ್ಕಳು. ದೊಡ್ಡವಳಿಗೆ ಆರು ವರ್ಷ, ನಡುವಿನವನಿಗೆ ಮೂರೂವರೆ, ಕೊನೆಯದಕ್ಕೆ ಆಗ ಎಂಟು ತಿಂಗಳು. ಭಾವ ಹಳೆಯ ಸಣ್ಣ ಕಾರನ್ನು ಕೊಟ್ಟು ಬೇರೆಯದು ತೆಗೆದುಕೊಳ್ಳುವವರಿದ್ದರು. ತಂಗಿಯದು ಒಂದೇ ಹಟ: ಮೂವರಿಗೂ ಮಕ್ಕಳ ಸೀಟು ಬೇಕು, ಮೂರೂ ಹಿಂದಿನ ಸಾಲಿನಲ್ಲಿ ಅಕ್ಕಪಕ್ಕ ಕೂರಬೇಕು. ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರು. ನಮ್ಮ ಕಡೆಯವರಿಗೆ ಆಸ್ಪತ್ರೆ, ಜವುಳಿ, ಮದುವೆ ಎಲ್ಲಕ್ಕೂ ಅದೇ ದಾರಿ. ಹೆದ್ದಾರಿ ಅಗಲವಾದ ಮೇಲೆ ಕಾರುಗಳ ವೇಗವೂ ಏರಿದೆ.

ಭಾವನಿಗೆ ಇದು ರುಚಿಸಲಿಲ್ಲ. "ಅಮ್ಮನ ಮಡಿಲಿಗಿಂತ ಭದ್ರವಾದ ಜಾಗ ಯಾವುದುಂಟು ಭಾವ?" ಎಂದು ನಮ್ಮನ್ನೇ ಕೇಳಿದರು. ನಮ್ಮ ಅಮ್ಮನೂ ಅವರ ಪಕ್ಷ. "ನಿಮ್ಮನ್ನೆಲ್ಲ ಬೆಲ್ಟು ಕಟ್ಟಿ ಸಾಕಿದ್ದಾ ನಾವು?" ಶೋರೂಮೊಂದರಲ್ಲಿ ಮಾರಾಟದ ಹುಡುಗ ನಮ್ಮ ಟೇಪು ನೋಡಿ ನಕ್ಕೇಬಿಟ್ಟ. ಹಿಂದೆ ಮೂವರು ಕೂರುತ್ತಾರೆ, ಮಕ್ಕಳಾದರೆ ನಾಲ್ವರು ಎಂದು ಅವನ ಲೆಕ್ಕ. ಅವನದು ತಪ್ಪೆಂದು ಹೇಗೆ ಹೇಳುವುದು? ನಾವೂ ಹಾಗೆಯೇ ಬೆಳೆದವರು. ನಮ್ಮ ಬಾಲ್ಯದಲ್ಲಿ ಮದುವೆ ದಿಬ್ಬಣಕ್ಕೆ ಬರುತ್ತಿದ್ದ ಬಾಡಿಗೆ ಅಂಬಾಸಿಡರಿನಲ್ಲಿ ಹತ್ತು ಜನ ಹಿಡಿಸುತ್ತಿದ್ದರು. ದೊಡ್ಡವರ ತೊಡೆಯ ಮೇಲೆ ಮಕ್ಕಳು, ಆ ಮಕ್ಕಳ ತೊಡೆಯ ಮೇಲೆ ಇನ್ನೂ ಸಣ್ಣವರು! ಆಗ ಮಗುವಿಗೆ ಅಗಲ ಎಂಬುದೇ ಇರಲಿಲ್ಲ.

ಮಗುವಿಗೆ ಅಗಲ ಬಂದದ್ದು ಹೇಗೆ ಎಂಬುದೇ ಒಂದು ಚರಿತ್ರೆ. ಟೇಪು ಮಡಚಿಟ್ಟು ಅದನ್ನು ಸ್ವಲ್ಪ ಓದಿದೆವು.

1930ರ ದಶಕದಲ್ಲೇ ಅಮೆರಿಕದಲ್ಲಿ ಮಕ್ಕಳ ಕಾರು ಸೀಟು ಮಾರಾಟಕ್ಕಿತ್ತು. ಆದರೆ ಅದು ರಕ್ಷಣೆಗಲ್ಲ. ಮಗು ಕಿಟಕಿಯಿಂದ ಹೊರಗೆ ನೋಡಲಿ, ಓಡಿಸುವವರಿಗೆ ತಂಟೆ ಮಾಡದಿರಲಿ ಎಂದು ಎತ್ತರಿಸಿ ಕೂರಿಸುವ ಏರ್ಪಾಡು ಅಷ್ಟೆ. ದೊಡ್ಡವರಿಗೇ ಸರಿಯಾದ ಬೆಲ್ಟು ಇಲ್ಲದ ಕಾಲ ಅದು. ಈಗ ನಾವು ಎದೆಗೂ ಸೊಂಟಕ್ಕೂ ಹಾಕಿಕೊಳ್ಳುವ ಮೂರು ಬಿಂದುಗಳ ಬೆಲ್ಟನ್ನು ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿ, ಅದು ಕಾರುಗಳಲ್ಲಿ ಬಂದದ್ದು 1959ರಲ್ಲಿ. ಮಕ್ಕಳ ಸರದಿ ಬಂದದ್ದು ಅದರ ನಂತರ. 1962ರಲ್ಲಿ ಬ್ರಿಟನ್ನಿನ ಜೀನ್ ಏಮ್ಸ್ ಮತ್ತು ಅಮೆರಿಕದ ಲೆನಾರ್ಡ್ ರಿವ್ಕಿನ್ ಬೇರೆಬೇರೆಯಾಗಿ, ಅಪಘಾತದಲ್ಲಿ ಮಗುವನ್ನು ಉಳಿಸುವ ಉದ್ದೇಶದ ಸೀಟುಗಳನ್ನು ಮಾಡಿದರು. ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್ 1964ರ ಹೊತ್ತಿಗೆ ಹಿಮ್ಮುಖದ ಸೀಟಿನ ಪ್ರಯೋಗ ನಡೆಸಿದರು. ಜೆಮಿನಿ ನೌಕೆಯ ಗಗನಯಾತ್ರಿಗಳು ಬೆನ್ನು ಒರಗಿಸಿ ಮಲಗಿ ಒತ್ತಡವನ್ನೆಲ್ಲ ಬೆನ್ನಿನ ಮೇಲೆ ತೆಗೆದುಕೊಳ್ಳುವುದನ್ನು ಕಂಡು ಅವರಿಗೆ ಈ ವಿಚಾರ ಹೊಳೆಯಿತಂತೆ. ಕೂಸಿನ ತಲೆ ದೊಡ್ಡದು, ಕುತ್ತಿಗೆ ಎಳೆಯದು. ಮುಂದಕ್ಕೆ ಮುಖ ಮಾಡಿ ಕೂರಿಸಿದರೆ ತಲೆ ಎಸೆದಂತೆ ಹೋಗುತ್ತದೆ, ಹಿಂದಕ್ಕೆ ಮುಖ ಮಾಡಿದರೆ ಸೀಟಿನ ಬೆನ್ನೇ ಇಡೀ ಮೈಯನ್ನು ಹಿಡಿಯುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. (ಏಳನೇ ತರಗತಿಯ ಮಕ್ಕಳಿಗೆ ಹಲಗೆಯ ಮೇಲೆ ಮಾಡಿ ತೋರಿಸಿದ್ದೇವೆ, ಅರ್ಥವಾಗಿದೆ.) ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಢಿಕ್ಕಿ ಹೊಡೆದು ಅರ್ಧ ಮೀಟರಿನೊಳಗೆ ನಿಂತಿತು ಎನ್ನಿ. ಒಳಗಿದ್ದವರ ಮೇಲೆ ಬೀಳುವ ಬಲ ಅವರ ತೂಕದ ಸುಮಾರು ಇಪ್ಪತ್ತು ಪಟ್ಟು. ಹತ್ತು ಕಿಲೋ ಮಗುವನ್ನು ಆ ಕ್ಷಣ ಹಿಡಿದುಕೊಳ್ಳಬೇಕಾದರೆ ಇನ್ನೂರು ಕಿಲೋ ಎತ್ತುವ ಕೈ ಬೇಕು. ಇನ್ನೊಂದು ರೀತಿ ಹೇಳುವುದಾದರೆ, ಅದು ಹತ್ತು ಮೀಟರ್ ಎತ್ತರದ ಅಡಿಕೆ ಮರದ ತುದಿಯಿಂದ ಬಿದ್ದ ಹಾಗೆ. ಕೊನೆ ಕೊಯ್ಯುವಾಗ ಮರದಡಿ ನಿಂತು ಬೀಳುವ ಗೊನೆಯನ್ನು ಕೈಯೊಡ್ಡಿ ಹಿಡಿಯಲು ನಾವು ಯಾರೂ ಹೋಗುವುದಿಲ್ಲ. ಭಾವ ಈ ಮಾತಿಗೆ ಮಾತ್ರ ಸುಮ್ಮನಾದರು, ಅಡಿಕೆ ಕೃಷಿಕರಲ್ಲವೇ!

ಮಡಿಲಿನ ವಾದ ನಮ್ಮೊಬ್ಬರದೇ ಅಲ್ಲ. ಮಕ್ಕಳಿಗೆ ಸೀಟು ಕಡ್ಡಾಯ ಮಾಡಿದ ಮೊದಲ ಅಮೆರಿಕನ್ ರಾಜ್ಯ ಟೆನೆಸ್ಸಿ. ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಶಾಸಕರ ಬೆನ್ನು ಬಿದ್ದು 1977ರಲ್ಲಿ ಕಾಯ್ದೆ ಮಾಡಿಸಿದರು, 1978ರ ಜನವರಿಯಿಂದ ಜಾರಿಗೆ ಬಂತು. ಆದರೆ ಶಾಸಕರು ಒಂದು ಕಿಂಡಿ ಬಿಟ್ಟಿದ್ದರು. ದೊಡ್ಡವರು ಮಗುವನ್ನು ತೋಳಿನಲ್ಲಿ ಹಿಡಿದುಕೊಂಡಿದ್ದರೆ ಸೀಟು ಬೇಡ! ಇದು ಮಗುವನ್ನು ಜಜ್ಜುವ ಕಲಮು ಎಂದು ಸ್ಯಾಂಡರ್ಸ್ ಸಿಟ್ಟಾದರು. ಏಕೆಂದರೆ ಬೆಲ್ಟಿಲ್ಲದ ತಾಯಿ ಮುಂದಕ್ಕೆ ಹಾರಿದಾಗ ಅವಳ ಭಾರವೆಲ್ಲ ಬೀಳುವುದು ಮಡಿಲಿನ ಮಗುವಿನ ಮೇಲೆ. 1981ರಲ್ಲಿ ಆ ಕಿಂಡಿ ಮುಚ್ಚಿತು. 1985ರ ಹೊತ್ತಿಗೆ ಐವತ್ತು ರಾಜ್ಯಗಳಲ್ಲೂ ಇಂಥ ಕಾಯ್ದೆ ಬಂತು. ಅಂದರೆ ನಮ್ಮ ಮನೆಯ ಜಗಲಿಯಲ್ಲಿ ನಡೆದ ಚರ್ಚೆ ಟೆನೆಸ್ಸಿಯ ಶಾಸನಸಭೆಯಲ್ಲಿ ನಲವತ್ತೈದು ವರ್ಷ ಹಿಂದೆಯೇ ನಡೆದು ಮುಗಿದಿತ್ತು.

ಇಲ್ಲಿಂದ ಅಗಲದ ತೊಂದರೆ ಶುರು. 1950ರ ದಶಕದ ಕೊನೆಯ ಅಮೆರಿಕದ ದೊಡ್ಡ ಕಾರುಗಳು ಎರಡು ಮೀಟರ್ ಅಗಲವಿದ್ದವು. 1973ರ ತೈಲ ಬಿಕ್ಕಟ್ಟಿನ ನಂತರ ಕಾರುಗಳು ಕುಗ್ಗತೊಡಗಿದವು. ಅದೇ ಕಾಲದಲ್ಲಿ ಮಕ್ಕಳ ಸೀಟುಗಳು ಹಿಗ್ಗಿದವು, ಪಕ್ಕದಿಂದ ಢಿಕ್ಕಿಯಾದರೂ ತಲೆ ಉಳಿಯಲೆಂದು ಎರಡು ಬದಿಗೆ ಕಿವಿಗಳು ಬಂದವು. ಸೀಟಿನಲ್ಲಿ ಕೂರಬೇಕಾದ ವಯಸ್ಸೂ ಏರಿತು. ಮೊದಲು ನಾಲ್ಕು ವರ್ಷದವರೆಗೆ ಎಂದಿದ್ದದ್ದು ಅನೇಕ ಕಡೆ ಎಂಟರವರೆಗೆ ಹೋಯಿತು. ಹಾಗಾಗಿ ಮೂರು ಮಕ್ಕಳ ಮನೆಯಲ್ಲಿ ಮೂವರೂ ಒಟ್ಟಿಗೆ ಸೀಟಿನಲ್ಲಿರುವ ವರ್ಷಗಳು ಹೆಚ್ಚಾದವು. ಯುರೋಪಿನಲ್ಲಿ 2013ರಿಂದ ಬಂದ ಐ-ಸೈಜ್ ನಿಯಮದಲ್ಲಿ ಒಂದು ಮಕ್ಕಳ ಸೀಟಿಗೆ ಲೆಕ್ಕ ಹಿಡಿದಿರುವ ಅಗಲ 44 ಸೆಂಟಿಮೀಟರ್. ಮೂರಕ್ಕೆ 132. ನಮ್ಮ ಟೇಪಿನಲ್ಲಿ ಆ ಜಾಗಕ್ಕೆ ಕೆಂಪು ಶಾಯಿಯ ಗೆರೆ ಎಳೆದುಕೊಂಡಿದ್ದೆವು.

ಈ 132 ಸೆಂಟಿಮೀಟರನ್ನು ನಮ್ಮ ದೇಶದ ಕಾರುಗಳಿಗೆ ಹಿಡಿದು ನೋಡಿ. ಅಂಬಾಸಿಡರ್ (1958ರ ಸುಮಾರಿಗೆ ಬಂದದ್ದು, 2014ರಲ್ಲಿ ನಿಂತಿತು) ಹೊರಗಿನಿಂದ ಸುಮಾರು 166 ಸೆಂಟಿಮೀಟರ್ ಅಗಲ, ಒಳಗೆ ಸೋಫಾದಂಥ ಉದ್ದ ಸೀಟು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದು ಹೊರಗಿನಿಂದಲೇ ಸುಮಾರು 140. ಬಾಗಿಲುಗಳ ದಪ್ಪ ಕಳೆದರೆ ಮೂರು ಸೀಟಿನ ಮಾತೇ ಇಲ್ಲ. ಆದರೆ ಯಾರೂ ಕೇಳಲೂ ಇಲ್ಲ, ಏಕೆಂದರೆ ನಮ್ಮಲ್ಲಿ ಮಕ್ಕಳ ಸೀಟು ಎಂಬ ವಸ್ತುವೇ ಇರಲಿಲ್ಲ. ಅಂಬಾಸಿಡರಿಗೆ ಅಗಲವಿತ್ತು, ಹಿಂದೆ ಬೆಲ್ಟಿರಲಿಲ್ಲ. ಆಮೇಲಿನ ಸಣ್ಣ ಕಾರುಗಳಿಗೆ ಬೆಲ್ಟು ಬಂತು, ಅಗಲ ಹೋಯಿತು. "ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ" ಎಂದು ಗೋಡೆಗಳ ಮೇಲೆ ಬರೆಯುತ್ತಿದ್ದ ಕಾಲಕ್ಕೆ ಮಾರುತಿ ಸರಿಯಾಗಿ ಹೊಂದಿತು ಎಂದು ನಮಗನಿಸುತ್ತದೆ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಸಣ್ಣ ಎಂಜಿನಿನ ಕಾರುಗಳಿಗೆ ಅಬಕಾರಿ ಸುಂಕ 24ರಿಂದ 16 ಶೇಕಡಾಕ್ಕೆ ಇಳಿಯಿತು. ಅಲ್ಲಿಂದ ನಮ್ಮ ಕಾರುಗಳೆಲ್ಲ ಆ ನಾಲ್ಕು ಮೀಟರಿನೊಳಗೆ ಮೈ ಮುದುಡಿಕೊಂಡವು.

ನಾಲ್ಕು ಮೀಟರಿನಲ್ಲಿ ಮೂರು ಸೀಟು ಸಾಧ್ಯವಿಲ್ಲ ಎಂದಲ್ಲ. ಇಟಲಿಯ ಫಿಯಟ್ ಕಂಪನಿ 1998ರಲ್ಲಿ ಮಲ್ಟಿಪ್ಲಾ ಎಂಬ ಕಾರು ತಂದಿತು. ಉದ್ದ ನಾಲ್ಕು ಮೀಟರಿಗೆ ಒಂದು ಕೂದಲು ಕಡಿಮೆ, ಅಗಲ ಮಾತ್ರ 187 ಸೆಂಟಿಮೀಟರ್. ಮುಂದೆ ಮೂವರು, ಹಿಂದೆ ಮೂವರು, ಎಲ್ಲರಿಗೂ ಬೇರೆಬೇರೆ ಸೀಟು. ನೋಡಲು ಕಪ್ಪೆಯ ಹಾಗಿದೆ ಎಂದು ಜನ ನಕ್ಕರು. ಮೂರು ಮಕ್ಕಳ ತಂದೆತಾಯಿ ನಕ್ಕಿರಲಿಕ್ಕಿಲ್ಲ.

ಇನ್ನು, ನಾವು ಓದಿದ್ದರಲ್ಲಿ ಮನಸ್ಸನ್ನು ಕಲಕಿದ ಒಂದು ಸಂಗತಿ. ಜೋರ್ಡನ್ ನಿಕರ್ಸನ್ ಮತ್ತು ಡೇವಿಡ್ ಸಾಲೊಮನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2020ರಲ್ಲಿ ಒಂದು ಪ್ರಬಂಧ ಹೊರತಂದರು. ಅಮೆರಿಕದ ಮಕ್ಕಳ ಸೀಟಿನ ಕಾಯ್ದೆಗಳಿಂದ 2017ರಲ್ಲಿ ಕಾರು ಅಪಘಾತದ ಸಾವು ತಪ್ಪಿದ ಮಕ್ಕಳು 57. ಅದೇ ವರ್ಷ ಹುಟ್ಟದೇ ಹೋದ ಮಕ್ಕಳು ಸುಮಾರು 8,000 ಎಂದು ಅವರ ಅಂದಾಜು. ಎರಡು ಮಕ್ಕಳು ಸೀಟಿನ ವಯಸ್ಸಿನಲ್ಲಿರುವಾಗ ಮೂರನೆಯದಕ್ಕೆ ಜಾಗವಿಲ್ಲ, ದೊಡ್ಡ ಕಾರಿಗೆ ದುಡ್ಡಿಲ್ಲ, ಹಾಗಾಗಿ ಮೂರನೆಯದನ್ನು ಮುಂದಕ್ಕೆ ಹಾಕುತ್ತಾರೆ ಎಂಬ ವಾದ. ಕಾರಿರುವ ಮನೆಗಳಲ್ಲೇ ಈ ಪರಿಣಾಮ ಹೆಚ್ಚು ಕಂಡಿತು. ಅಂದಾಜು ಅಂದಾಜೇ, ಅದನ್ನು ಪ್ರಶ್ನಿಸಿದವರೂ ಇದ್ದಾರೆ. ಕಾಯ್ದೆಯೇ ಬೇಡ ಎನ್ನಲು ಇದನ್ನು ಬಳಸುವವರ ಜೊತೆ ನಾವಿಲ್ಲ, ಕಾರನ್ನು ಅಗಲ ಮಾಡಿ ಎನ್ನಬಹುದಲ್ಲ? ಆದರೂ ಇದನ್ನು ಓದಿದ ರಾತ್ರಿ ತಂಗಿಯ ಎಂಟು ತಿಂಗಳ ಕೂಸು ನೆನಪಾಗಿ ನಿದ್ದೆ ಬರಲಿಲ್ಲ.

ನಮ್ಮ ದೇಶದ ಕಾಯ್ದೆ ಈಚಿನದು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 194ಬಿ ಪ್ರಕಾರ, ಹದಿನಾಲ್ಕು ತುಂಬದ ಮಗುವಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ. ಪುಸ್ತಕದಲ್ಲಿದೆ, ರಸ್ತೆಯಲ್ಲಿ ಕಂಡವರು ಕಡಿಮೆ. 2024ರ ಸೆಪ್ಟೆಂಬರಿನಲ್ಲಿ ನಮ್ಮ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ, ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಿನಲ್ಲಿದ್ದ ಎರಡು ವರ್ಷದ ಮಗು ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡು ತೀರಿಕೊಂಡಿತು. ಮಡಿಲೇ ಅಲ್ಲವೇ ಅದೂ? ಮರುತಿಂಗಳು ರಾಜ್ಯದ ಸಾರಿಗೆ ಆಯುಕ್ತರು ನಾಲ್ಕು ವರ್ಷದವರೆಗೆ ಮಕ್ಕಳ ಸೀಟು, ಆಮೇಲೆ 135 ಸೆಂಟಿಮೀಟರ್ ಎತ್ತರ ಆಗುವವರೆಗೆ ಬೂಸ್ಟರ್ ದಿಂಬು, ಡಿಸೆಂಬರಿನಿಂದ ದಂಡ ಎಂದು ಪ್ರಕಟಿಸಿದರು. ಗಲಾಟೆಯಾಯಿತು. ಸಾರಿಗೆ ಸಚಿವ ಕೆ.ಬಿ. ಗಣೇಶ್ ಕುಮಾರ್ ಸದ್ಯಕ್ಕೆ ಕಡ್ಡಾಯವಿಲ್ಲ, ಜನರಿಗೆ ತಿಳಿವಳಿಕೆ ಮೂಡಿಸುವುದಷ್ಟೇ ಉದ್ದೇಶ ಎಂದರು. ತಂಗಿ ಹಟ ಹಿಡಿದದ್ದು ಆ ಸುದ್ದಿ ಓದಿದ ಮೇಲೆ.

ಸರಿ, ಕಾರಿನ ಕಥೆಗೆ ಬರೋಣ. ಬಾಗಿಲಿನಿಂದ ಬಾಗಿಲಿಗೆ ಅಳೆದರೆ ಸಾಲದು ಎಂದು ನಮಗೆ ಮೂರನೇ ಶೋರೂಮಿನಲ್ಲಿ ತಿಳಿಯಿತು. ಸೀಟಿನ ಮಟ್ಟದಲ್ಲಿ, ಬೆಲ್ಟಿನ ಗೂಟಗಳ ನಡುವೆ ಅಳೆಯಬೇಕು. ಮಕ್ಕಳ ಸೀಟು ಅದರ ಮೇಲೆ ಕುಳಿತರೆ ಬೆಲ್ಟು ಸಿಗುವುದೇ ಇಲ್ಲ. ಐಸೋಫಿಕ್ಸ್ ಎಂಬ ಕೊಕ್ಕೆಗಳು (ಎರಡರ ನಡುವೆ 28 ಸೆಂಟಿಮೀಟರ್) ಹೆಚ್ಚಿನ ಕಾರುಗಳಲ್ಲಿ ಅಂಚಿನ ಎರಡು ಸೀಟಿಗೆ ಮಾತ್ರ, ನಡುವಿನದನ್ನು ಬೆಲ್ಟಿನಿಂದಲೇ ಕಟ್ಟಬೇಕು. ಹಳೆಯ ಕಾರಾದರೆ ಅಲ್ಲಿ ಬರೀ ಸೊಂಟದ ಪಟ್ಟಿ. ಏಳು ಸೀಟಿನ ಗಾಡಿ ಎಂದ ಕೂಡಲೇ ಹಿಗ್ಗಬೇಡಿ, ಕೆಲವದರಲ್ಲಿ ನಡುವಿನ ಸಾಲಿಗೆ ಕುರ್ಚಿಯಂತೆ ಬಿಡಿಬಿಡಿಯಾದ ಎರಡೇ ಸೀಟು. ಎಂಟು ಸೀಟಿನದಾದರೆ ನಡುವೆ ಉದ್ದ ಬೆಂಚು. ಇನ್ನೊಂದು ಉಪಾಯ ತಂಗಿಯೇ ಕಂಡುಕೊಂಡಳು. ಹಿಮ್ಮುಖದ ಸೀಟು, ಮುಮ್ಮುಖದ ಸೀಟು ಎರಡೂ ಒಂದೇ ಜಾಗದಲ್ಲಿ ಅಗಲವಿರುವುದಿಲ್ಲ. ಅದಲುಬದಲಾಗಿ ಇಟ್ಟರೆ ಒಂದರ ಕಿವಿ ಇನ್ನೊಂದರ ಸೊಂಟದ ಬಳಿ ಹೋಗಿ ಎರಡು ಮೂರು ಸೆಂಟಿಮೀಟರ್ ಉಳಿಯುತ್ತದೆ.

ಕೊನೆಗೆ ತೆಗೆದುಕೊಂಡದ್ದು ಎಂಟು ಸೀಟಿನ ಹಳೆಯ ಇನ್ನೋವಾ. ಅದಕ್ಕೆ ಭಾವ ಹಳೆಯ ಕಾರಿನ ಜೊತೆಗೆ ಎರಡು ಕ್ವಿಂಟಾಲ್ ಅಡಿಕೆಯನ್ನೂ ಮಾರಿದರು. ಕೂಸು ಹಿಮ್ಮುಖವಾಗಿ ಎಡಗಡೆ, ನಡುವಿನವನು ಬಲಗಡೆ, ದೊಡ್ಡವಳು ಇಬ್ಬರ ಮಧ್ಯೆ ಕಿವಿಗಳಿಲ್ಲದ ಬೂಸ್ಟರ್ ದಿಂಬಿನ ಮೇಲೆ. ಮೊದಲ ಸಲ ಮೂವರನ್ನೂ ಕಟ್ಟಿ ಕೂರಿಸಲು ಇಪ್ಪತ್ತು ನಿಮಿಷ ಹಿಡಿಯಿತು, ನಡುವಿನವನು ಅಂಗಳ ದಾಟುವವರೆಗೂ ಅತ್ತ. ಅಮ್ಮ ಹಿಂದಿನ ಸಾಲಿನಲ್ಲಿ ಕುಳಿತು ಬೆಲ್ಟು ಹಾಕಿಸಿಕೊಂಡರು, ಒಲ್ಲದ ಮನಸ್ಸಿನಿಂದ. ಮಡಿಲು ಖಾಲಿಯಿದೆ ಎಂದು ಹೇಳಿ, ಮಂಗಳೂರಿನವರೆಗೂ ಹಲಸಿನ ಹಪ್ಪಳದ ಡಬ್ಬಿಯನ್ನು ತಬ್ಬಿಕೊಂಡೇ ಬಂದರು.