ಎಣ್ಣೆ ಬೆರೆಸುವ ಲೆಕ್ಕ

ನನ್ನ ಎಡಗೈಯ ಮೊಣಕೈ ಇಂದಿಗೂ ಪೂರ್ತಿ ನೇರವಾಗುವುದಿಲ್ಲ. ಬಳೆ ತೊಡಿಸುವವರು, ರಕ್ತದೊತ್ತಡ ನೋಡುವ ನರ್ಸುಗಳು, ಹೊಸದಾಗಿ ಮನೆಗೆ ಬಂದ ಸೊಸೆ ಎಲ್ಲರೂ ಒಮ್ಮೆಯಾದರೂ ಕೇಳಿದ್ದಾರೆ. "ಬೈಕಿನಿಂದ ಬಿದ್ದದ್ದು" ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ನಿಜ ಹೇಳಬೇಕೆಂದರೆ ನಾನು ಬಿದ್ದದ್ದು ಒಂದು ಲೆಕ್ಕದ ತಪ್ಪಿನಿಂದ. ಆ ಲೆಕ್ಕ ಏನೆಂದು ತಿಳಿಯಲು ಹೊರಟ ನನಗೆ ಜರ್ಮನಿಯ ಒಂದು ಸಣ್ಣ ಊರು, ಬರ್ಲಿನ್ ಗೋಡೆ, ಕಾರಿನ ಡಿಕ್ಕಿಯಲ್ಲಿ ಅಡಗಿ ಗಡಿ ದಾಟಿದ ಒಬ್ಬ ತಾಯಿ ಎಲ್ಲರ ಪರಿಚಯವೂ ಆಯಿತು.

ನಮ್ಮದು ಮೈಸೂರು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸಲು ಶುರು ಮಾಡಿದ ಮೇಲೆ ಊರಿನ ಸದ್ದೇ ಬದಲಾಯಿತೆಂದು ಅಮ್ಮ ಹೇಳುತ್ತಿದ್ದರು. ಜೆಕೊಸ್ಲೊವಾಕಿಯದ ಪರವಾನಗಿಯಿಂದ ಮಾಡಿದ 250 ಸಿಸಿ ಬೈಕು. ಇಂಜಿನ್ನಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಕಿಕ್ ಹೊಡೆಯುವ ಕಡ್ಡಿಯೇ ಗೇರ್ ಕಡ್ಡಿಯೂ ಹೌದು. ಎಪ್ಪತ್ತರ ದಶಕದಲ್ಲಿ ಅದರ ಹೆಸರು ಯೆಜ್ದಿ ಎಂದಾಯಿತು. ನಮ್ಮ ಅಪ್ಪನದು ಸೆಕೆಂಡ್ ಹ್ಯಾಂಡ್ ಜಾವಾ. ಬೀದಿಯ ತಿರುವಿನಲ್ಲಿ ಅದರ ಸದ್ದು ಕೇಳಿದ ಕೂಡಲೇ ಅಮ್ಮ ಕಾಫಿಗೆ ಹಾಲು ಇಡುತ್ತಿದ್ದರು. ಬೀದಿಯಲ್ಲಿ ಅಂಥವೇ ನಾಲ್ಕು ಬೈಕುಗಳಿದ್ದರೂ ಅವರು ಒಮ್ಮೆಯೂ ತಪ್ಪಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಪೆಟ್ರೋಲಿಗೆ ಎಣ್ಣೆ ಬೆರೆಸುತ್ತಿದ್ದರು. ಲೀಟರಿಗೆ 40 ಮಿಲಿ. ಅಳತೆಗೆ ನನ್ನ ಟಾನಿಕ್ ಬಾಟಲಿಯ ಮುಚ್ಚಳ. ಮಾವಿನಕಾಯಿಗೆ ಉಪ್ಪು ಬೆರೆಸುವಾಗ ಅಮ್ಮನ ಮುಖದಲ್ಲಿ ಕಾಣುತ್ತಿದ್ದ ಗಾಂಭೀರ್ಯವೇ ಆಗ ಅಪ್ಪನ ಮುಖದಲ್ಲೂ ಇರುತ್ತಿತ್ತು. "ಹೆಚ್ಚಾದ್ರೆ ಹೊಗೆ, ಕಡಿಮೆಯಾದ್ರೆ ಹೊಗೆ ಕಾಣೋಕೂ ಇಂಜಿನ್ ಇರಲ್ಲ ಪುಟ್ಟಿ" ಎನ್ನುತ್ತಿದ್ದರು.

ಪೆಟ್ರೋಲಿಗೇಕೆ ಎಣ್ಣೆ? ನಮ್ಮ ಪೈಕಿ ಎಷ್ಟೋ ಜನ ಲೂನಾ, ಟಿವಿಎಸ್ 50 ಓಡಿಸಿದವರು, ಬಂಕಿನಲ್ಲಿ ಎಣ್ಣೆ ಹಾಕಿಸಿದವರು. ಆದರೂ ಹೆಚ್ಚಿನವರು ಇದನ್ನು ಕೇಳಿಕೊಂಡಿರಲಾರರು. ಫೋರ್‌ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ ಎರಡು ಸಲ ಮೇಲೆ ಹೋಗಿ ಎರಡು ಸಲ ಕೆಳಗೆ ಬಂದರೆ ಒಂದು ಸಲ ಪೆಟ್ರೋಲು ಹತ್ತಿಕೊಳ್ಳುತ್ತದೆ. ಟೂಸ್ಟ್ರೋಕಿನಲ್ಲಿ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಅಷ್ಟೇ. ಪ್ರತಿ ಸುತ್ತಿಗೂ ಬೆಂಕಿ. ವಾಲ್ವುಗಳ ರಗಳೆಯಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚುತ್ತದೆ, ಪಿಸ್ಟನ್ನೇ ತೆರೆಯುತ್ತದೆ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಗೆ ಬಂದು, ಸೈಕಲ್ ಪಂಪಿನಲ್ಲಿ ಒತ್ತಿದ ಹಾಗೆ ಮೇಲಕ್ಕೆ ಹೋಗುತ್ತದೆ. ದಾರಿಯೇ ಆ ಕೋಣೆಯಾದ್ದರಿಂದ ಅಲ್ಲಿ ಎಣ್ಣೆಯನ್ನು ಬೇರೆಯಾಗಿ ತುಂಬಿಡುವಂತಿಲ್ಲ. ಪೆಟ್ರೋಲಿನ ಜೊತೆಯಲ್ಲೇ ಎಣ್ಣೆಯೂ ಬರಬೇಕು. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾದ ಹಾಗೆಯೇ.

1979ರಲ್ಲಿ ಅಣ್ಣ ಇಂಜಿನಿಯರಿಂಗ್ ಓದುತ್ತಿದ್ದ. ಅಪ್ಪ ಊರಲ್ಲಿಲ್ಲದ ಒಂದು ವಾರ ನೋಡಿಕೊಂಡು, ಹೊಗೆ ಹೋಗುವ ಕಿಂಡಿಯನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿ, ಸೈಲೆನ್ಸರಿನ ಒಳಗಿನ ತಡೆಗಳನ್ನು ಕಿತ್ತುಹಾಕಿದ. ಬೈಕು ಹುಲಿಯ ಹಾಗೆ ಗರ್ಜಿಸಿತು. ಆ ಶನಿವಾರ ಶ್ರೀರಂಗಪಟ್ಟಣದಲ್ಲಿದ್ದ ಚಿಕ್ಕಮ್ಮನ ಮನೆಗೆ ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟ. ಅರ್ಧ ದಾರಿಯಲ್ಲಿ ಇಂಜಿನ್ ಒಮ್ಮೆಲೇ ಜಾಮ್ ಆಯಿತು. ಹಿಂದಿನ ಚಕ್ರ ನಿಂತಲ್ಲೇ ಜಾರಿತು. ಕ್ಲಚ್ ಹಿಡಿಯಬೇಕೆಂದು ಅಣ್ಣನಿಗೆ ಹೊಳೆಯುವ ಹೊತ್ತಿಗೆ ನಾವಿಬ್ಬರೂ ರಸ್ತೆಯ ಮೇಲಿದ್ದೆವು. ಅವನಿಗೆ ಮಂಡಿ ತರಚಿತ್ತು. ನನ್ನ ಮೊಣಕೈ ಮುರಿದಿತ್ತು.

ಅಪ್ಪ ಬೈಯಲಿಲ್ಲ. ಹಿತ್ತಲಲ್ಲಿ ಇಂಜಿನ್ ಬಿಚ್ಚಿ ಪ್ಲಗ್ಗನ್ನು ಅಣ್ಣನ ಕೈಗಿಟ್ಟರು. ಅದರ ತುದಿ ಕಾಫಿಪುಡಿಯ ಬಣ್ಣದಲ್ಲಿರಬೇಕು. ಒದ್ದೆಯಾಗಿ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು. ಅಣ್ಣನ ಪ್ಲಗ್ಗು ಸುಣ್ಣದಷ್ಟು ಬೆಳ್ಳಗಿತ್ತು. "ಜೆಟ್ ಬದಲಾಯಿಸಿದ್ಯೇನೋ?" ಎಂದು ಕೇಳಿದರು. ಅಣ್ಣ ತಲೆ ತಗ್ಗಿಸಿದ. ಹೊಗೆಗೆ ದಾರಿ ಸಲೀಸಾದರೆ ಇಂಜಿನ್ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಅದಕ್ಕೆ ತಕ್ಕಷ್ಟು ಪೆಟ್ರೋಲು ಕೊಡಲು ಕಾರ್ಬೊರೇಟರಿನಲ್ಲಿ ದೊಡ್ಡ ಜೆಟ್ ಹಾಕಬೇಕಿತ್ತು. ಹಾಕಿರಲಿಲ್ಲ. ಪೆಟ್ರೋಲು ಸಾಲದೆ ಬಿಸಿ ಏರಿತು, ಎಣ್ಣೆಯೂ ಸಾಲದೆ ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಂಡಿತು. ಹೊಗೆಯ ಕಿಂಡಿಯ ಕಡೆ ಪಿಸ್ಟನ್ನಿನ ಮೈಮೇಲೆ ಉಗುರಿನಿಂದ ಪರಚಿದಂಥ ಗೆರೆಗಳಿದ್ದವು.

ಪಶ್ಚಾತ್ತಾಪದಿಂದಲೋ ಏನೋ ಅಣ್ಣ ಆಮೇಲೆ ಈ ಇಂಜಿನ್ನಿನ ಚರಿತ್ರೆಯನ್ನೇ ಓದತೊಡಗಿದ. ಅವನು ಓದಿ ಬಿಟ್ಟದ್ದನ್ನು ನಾನು ಓದಿದೆ.

ಟೂಸ್ಟ್ರೋಕನ್ನು ಇಷ್ಟು ಸರಳ ರೂಪಕ್ಕೆ ತಂದವರಲ್ಲಿ ಮೊದಲಿಗ ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ. ಅವನ ಪೇಟೆಂಟ್ 1890ರ ದಶಕದ ಆರಂಭದ್ದು. ಅದನ್ನು ಮನೆಮಾತು ಮಾಡಿದ್ದು ಜರ್ಮನಿಯ ಸ್ಯಾಕ್ಸನಿಯ ಚೋಪಾವ್ ಎಂಬ ಊರು. ಡೆನ್ಮಾರ್ಕಿನಿಂದ ಬಂದ ರಾಸ್ಮುಸ್ಸೆನ್ ಅಲ್ಲಿ ಕಟ್ಟಿದ ಡಿಕೆಡಬ್ಲ್ಯು ಕಾರ್ಖಾನೆ 1920ರ ದಶಕದ ಕೊನೆಯ ಹೊತ್ತಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಮೋಟಾರ್ ಸೈಕಲ್ ಮಾಡುತ್ತಿತ್ತು. ನಮ್ಮ ಜಾವಾಕ್ಕೂ ಆ ಸೀಮೆಗೂ ನಂಟುಂಟು. 1929ರಲ್ಲಿ ಜೆಕ್ ಉದ್ಯಮಿ ಯಾನೆಚೆಕ್ ಅಲ್ಲಿಗೆ ಹತ್ತಿರದ ಕೆಮ್ನಿಟ್ಸಿನ ವಾಂಡರರ್ ಕಂಪನಿಯಿಂದ ಬೈಕಿನ ವಿನ್ಯಾಸ ಕೊಂಡ. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ "ಜಾವಾ" ಆಯಿತು.

ಯುದ್ಧವಾದ ಮೇಲೆ ಚೋಪಾವ್ ಪೂರ್ವ ಜರ್ಮನಿಗೆ ಸೇರಿತು. ಡಿಕೆಡಬ್ಲ್ಯು ಹೋಗಿ ಎಂಜೆಡ್ ಆಯಿತು. 1953ರಲ್ಲಿ ಅದರ ರೇಸ್ ವಿಭಾಗಕ್ಕೆ ವಾಲ್ಟರ್ ಕಾಡೆನ್ ಬಂದರು. ಹಣವಿಲ್ಲ, ಒಳ್ಳೆಯ ಲೋಹವಿಲ್ಲ, ಬಿಡಿಭಾಗವಿಲ್ಲ. ಇದ್ದದ್ದು ಟೂಸ್ಟ್ರೋಕಿನ ಹಳೆಯ ರೋಗ ಮಾತ್ರ.

ಆ ರೋಗವನ್ನು ನಾವು ಮದುವೆಮನೆಯಲ್ಲಿ ನೋಡಿದ್ದೇವೆ. ಒಂದು ಪಂಕ್ತಿ ಎದ್ದು ಹೋಗುವಾಗಲೇ ಇನ್ನೊಂದು ಪಂಕ್ತಿಯವರು ನುಗ್ಗುತ್ತಾರೆ. ಆ ಗಲಾಟೆಯಲ್ಲಿ ಊಟ ಮಾಡದ ಕೆಲವರೂ ತಳ್ಳಿಸಿಕೊಂಡು ಹೊರಗೆ ಹೋಗಿಬಿಡುತ್ತಾರೆ. ಟೂಸ್ಟ್ರೋಕಿನಲ್ಲೂ ಹಾಗೆಯೇ. ಸುಟ್ಟ ಹೊಗೆಯೊಂದಿಗೆ ಸುಡದ ಪೆಟ್ರೋಲೂ ಹೊರಟುಹೋಗುತ್ತದೆ. ಕಾಡೆನ್ ಸೈಲೆನ್ಸರಿನ ಕೊಳವೆಯನ್ನು ಮೊದಲು ಅಗಲವಾಗುವಂತೆ, ಆಮೇಲೆ ಕಿರಿದಾಗುವಂತೆ ರೂಪಿಸಿದರು. ಅಗಲವಾಗುವ ಭಾಗದಿಂದ ಮರಳುವ ಅಲೆ ಹೊಗೆಯನ್ನು ಹೊರಗೆಳೆಯುತ್ತದೆ. ಕಿರಿದಾಗುವ ಭಾಗಕ್ಕೆ ಬಡಿದು ಮರಳುವ ಅಲೆ, ಕಿಂಡಿ ಮುಚ್ಚುವ ಕ್ಷಣದ ಮೊದಲು, ತಪ್ಪಿಸಿಕೊಂಡ ಮಿಶ್ರಣವನ್ನು ಒಳಕ್ಕೆ ತಳ್ಳುತ್ತದೆ. ಬಾಗಿಲಲ್ಲಿ ನಿಂತ ಹಿರಿಯರು "ಅಯ್ಯೋ, ಊಟವಾಗಿಲ್ಲ, ಒಳಗೆ ನಡೀರಿ" ಎಂದು ತಿರುಗಿಸಿ ಕಳಿಸಿದ ಹಾಗೆ.

1961ರಲ್ಲಿ ಅವರ 125 ಸಿಸಿ ಇಂಜಿನ್ 25 ಅಶ್ವಶಕ್ತಿ ಕೊಟ್ಟಿತು. ಲೀಟರಿನ ಲೆಕ್ಕದಲ್ಲಿ 200. ಹೊರಗಿನಿಂದ ಗಾಳಿ ತುಂಬದ ಯಾವ ಇಂಜಿನ್ನೂ ಆ ತನಕ ಅಷ್ಟು ಕೊಟ್ಟಿರಲಿಲ್ಲ. ನಿಮಿಷಕ್ಕೆ 10,800 ಸುತ್ತು. ಆದರೆ ಅಷ್ಟು ಕೊಡುವ ಇಂಜಿನ್ ಯಾವಾಗ ಕೈಕೊಡುತ್ತದೆಂದು ಯಾರೂ ಹೇಳುವಂತಿರಲಿಲ್ಲ.

ಅದನ್ನು ಓಡಿಸುತ್ತಿದ್ದವನು ಎರ್ನ್ಸ್ಟ್ ಡೆಗ್ನರ್. ಆ ವರ್ಷ ಆಗಸ್ಟ್ 13ರಂದು ಬರ್ಲಿನ್ ಗೋಡೆ ಎದ್ದಿತು. ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ರೇಸಿಗೆ ಹೋದಾಗ ಡೆಗ್ನರ್ ವಿಶ್ವ ಚಾಂಪಿಯನ್‌ಷಿಪ್ಪಿನ ಅಂಕಪಟ್ಟಿಯಲ್ಲಿ ಮುಂದಿದ್ದ. ಅವನ ಹೆಂಡತಿ ಗೆರ್ಡಾ ಮತ್ತು ಇಬ್ಬರು ಚಿಕ್ಕ ಗಂಡುಮಕ್ಕಳು ಪೂರ್ವ ಜರ್ಮನಿಯಲ್ಲೇ ಇದ್ದರು. ಅದೇ ದಿನಗಳಲ್ಲಿ ಗೆರ್ಡಾ ಕಾರಿನ ಡಿಕ್ಕಿಯಲ್ಲಿ ಮಕ್ಕಳೊಂದಿಗೆ ಮುದುರಿ ಮಲಗಿ ಗಡಿ ದಾಟಿದಳು. ಮಕ್ಕಳು ಅಳದಿರಲೆಂದು ನಿದ್ರೆಯ ಔಷಧಿ ಕೊಟ್ಟಿದ್ದರು. ರೇಸಿನಲ್ಲಿ ಡೆಗ್ನರನ ಇಂಜಿನ್ ಕೆಟ್ಟು ನಿಂತಿತು. ಅವನು ಚೋಪಾವ್‌ಗೆ ಮರಳಲಿಲ್ಲ. ಬೇಕೆಂದೇ ಇಂಜಿನ್ ಕೆಡಿಸಿದ ಎಂದು ಪೂರ್ವ ಜರ್ಮನಿ ಆರೋಪ ಹೊರಿಸಿತು.

ಕಾಡೆನ್‌ರ ವಿದ್ಯೆಯನ್ನು ಹೊತ್ತು ಅವನು ಜಪಾನಿನ ಸುಜುಕಿಗೆ ಹೋದ. 1962ರಲ್ಲಿ 50 ಸಿಸಿ ವಿಭಾಗದಲ್ಲಿ ಸುಜುಕಿಗೆ ಅದರ ಮೊದಲ ವಿಶ್ವ ಪ್ರಶಸ್ತಿ ತಂದುಕೊಟ್ಟ. ಮರುವರ್ಷ ಸುಜುಕಾ ಪಂದ್ಯದಲ್ಲಿ ಬಿದ್ದು, ಬೆಂಕಿ ಹತ್ತಿ, ಮೈ ಮುಖ ಸುಟ್ಟುಕೊಂಡ. 1983ರಲ್ಲಿ ತೀರಿಕೊಂಡಾಗ ಅವನಿಗೆ ಐವತ್ತೊಂದು. ಕಾಡೆನ್ ಚೋಪಾವ್‌ನಲ್ಲೇ ಉಳಿದರು. ರಸ್ತೆ ರೇಸಿನ ವಿಶ್ವ ಪ್ರಶಸ್ತಿ ಎಂಜೆಡ್‌ಗೆ ಎಂದೂ ದಕ್ಕಲಿಲ್ಲ. ಆದರೆ 1975ರಿಂದ 2001ರವರೆಗೆ 500 ಸಿಸಿ ಪ್ರಶಸ್ತಿ ಗೆದ್ದ ಬೈಕುಗಳೆಲ್ಲ ಟೂಸ್ಟ್ರೋಕೇ. ಅಮೆರಿಕದ ಮರಳ ದಿಬ್ಬಗಳ ಮೇಲೆ ಹಾರುತ್ತಿದ್ದ ನಾಲ್ಕು ಚಕ್ರದ ಯಮಾಹಾ ಬ್ಯಾನ್ಷೀ 1987ರಲ್ಲಿ ಬಂತು. ಅದರ 347 ಸಿಸಿ ಇಂಜಿನ್ನಿಗೂ ಹುಡುಗರು ಇದನ್ನೇ ಮಾಡಿದರು. ಕಿಂಡಿ ದೊಡ್ಡದು, ಹೊಸ ಕೊಳವೆ, ಜೆಟ್ ಮರೆತವರಿಗೆ ಕರಗಿದ ಪಿಸ್ಟನ್.

ಇದನ್ನೆಲ್ಲ ಓದುವಾಗ ನನ್ನ ಮನಸ್ಸು ಗೆರ್ಡಾಳ ಹತ್ತಿರವೇ ಹೋಗುತ್ತಿತ್ತು. ಎಷ್ಟು ವೇಗ ಸಾಕು ಎಂಬುದನ್ನು ಮುಂದೆ ಕೂತವರು ತೀರ್ಮಾನಿಸುತ್ತಾರೆ. ಅದರ ಪಾಲು ಹಿಂದೆ ಕೂತವರಿಗೂ ಬರುತ್ತದೆ, ಡಿಕ್ಕಿಯಲ್ಲಿ ಮಲಗಿದವರಿಗೂ ಬರುತ್ತದೆ. ಹಾಗೆಂದು ನಾನು ವೇಗವನ್ನು ದೂರುವುದಿಲ್ಲ. ಆ ದೇಶದಿಂದ ಹೊರಬರುವುದು ಗೆರ್ಡಾಳಿಗೂ ಬೇಕಿದ್ದಿರಬಹುದು. ಆ ಶನಿವಾರ ಅಣ್ಣನ ಬೆನ್ನ ಹಿಂದೆ ಗಾಳಿಗೆ ಜಡೆ ಹಾರುತ್ತಿದ್ದಾಗ ನನಗೂ ಖುಷಿಯಾಗಿತ್ತು. ಜೆಟ್ಟಿನ ವಿಷಯ ನಾನೂ ಕೇಳಿರಲಿಲ್ಲ.

ಮೈಸೂರಿನ ಜಾವಾ 250 ಸಿಸಿಗೆ ಕೊಡುತ್ತಿದ್ದದ್ದು ಸುಮಾರು 12 ಅಶ್ವಶಕ್ತಿ. ಕಾಡೆನ್‌ರ ಇಂಜಿನ್ನಿನ ಎರಡು ಪಟ್ಟು ಗಾತ್ರ, ಅರ್ಧದಷ್ಟು ಬಲ. ಇಂಜಿನ್ನಿನಿಂದ ಕೊನೆಯ ಹನಿಯವರೆಗೆ ಹಿಂಡದೆ ಬಿಟ್ಟದ್ದರಿಂದಲೇ ಅದು ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಹೆಂಡತಿ, ಎರಡು ಮಕ್ಕಳನ್ನು ಹೊತ್ತು ಮೂವತ್ತು ವರ್ಷ ಓಡಿತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಾಡೆನ್ ತೀರಿಕೊಂಡದ್ದೂ ಅದೇ ವರ್ಷ. ಆಮೇಲೆ ಹೊಗೆಯ ಕಾನೂನುಗಳು ಬಿಗಿಯಾದವು, ಟೂಸ್ಟ್ರೋಕ್ ಬೈಕುಗಳು ಒಂದೊಂದಾಗಿ ಮರೆಯಾದವು. ಅದು ಸರಿಯೇ; ಊಟ ಮಾಡದೆ ಹೊರಟ ಆ ಪೆಟ್ರೋಲು ನಮ್ಮ ಮಕ್ಕಳ ಶ್ವಾಸಕೋಶಕ್ಕೇ ಹೋಗುತ್ತಿತ್ತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂದಾಗ ಅದರೊಳಗೆ ಇದ್ದದ್ದು ಫೋರ್‌ಸ್ಟ್ರೋಕ್ ಇಂಜಿನ್.

ಆ ಪಿಸ್ಟನ್ ಈಗ ನನ್ನ ಮೇಜಿನ ಮೇಲಿದೆ. ಕರೆಂಟ್ ಬಿಲ್ಲು, ಔಷಧಿ ಚೀಟಿ ಹಾರದಂತೆ ಒತ್ತಿಕೊಂಡು ಕೂತಿರುತ್ತದೆ. ಕಳೆದ ತಿಂಗಳು ಮೊಮ್ಮಗಳು ಹೊಸ ಸ್ಕೂಟರ್ ತಂದಳು. ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, "ಅಜ್ಜಿ, ಹಿಂದೆ ಕೂತ್ಕೊಳ್ಳಿ, ಒಂದು ರೌಂಡ್ ಹೋಗೋಣ" ಅಂದಳು. "ಎಣ್ಣೆ ನೋಡಿದ್ಯೇನೇ?" ಎಂದೆ. ನಕ್ಕಳು. ಆದರೂ ಇಳಿದು ಹೋಗಿ ನೋಡಿದಳು. ಆಮೇಲೆ ನಾನು ಹತ್ತಿ ಕೂತೆ.