ದಢೇಸುಗೂರು ಸೀಮೆ: ಭೂಕಂಪ ಮತ್ತು ಕಟ್ಟಡ ಸುರಕ್ಷತೆ

ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ದಢೇಸುಗೂರು ತುಂಗಭದ್ರೆಯ ಎಡದಂಡೆಯ ಊರು. ಇದನ್ನೂ ಮಸ್ಕಿ, ಲಿಂಗಸುಗೂರುಗಳನ್ನೂ ಒಳಗೊಂಡ ಸೀಮೆಗೆ ಭೂಕಂಪದ ಭಯವಿಲ್ಲ ಎಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ನೆಲದಡಿಯ ಶಿಲೆ ಬಹು ಪುರಾತನ, ಗಟ್ಟಿ ಎಂಬುದು ಅದಕ್ಕೆ ಆಧಾರ. ಈ ಮಾತು ಪೂರ್ತಿ ನಿಜವಲ್ಲ. ದಕ್ಷಿಣಕ್ಕಿರುವ ಬಳ್ಳಾರಿಯಲ್ಲಿ 1843ರ ಏಪ್ರಿಲ್ 1ರಂದು ಭೂಮಿ ಕಂಪಿಸಿದ್ದು ಭೂಕಂಪಗಳ ಪಟ್ಟಿಗಳಲ್ಲಿ ದಾಖಲಾಗಿದೆ.

ಈ ಸೀಮೆಗೆ ನೀರುಣಿಸುವ ತುಂಗಭದ್ರಾ ಅಣೆಕಟ್ಟು 1953ರಲ್ಲೇ ಸಿದ್ಧವಾಯಿತು. ಭೂಕಂಪ ನಿರೋಧಕ ವಿನ್ಯಾಸದ ರಾಷ್ಟ್ರೀಯ ಸಂಹಿತೆ ಐಎಸ್ 1893 ಬಂದದ್ದು ಅದರ ನಂತರ, 1962ರಲ್ಲಿ. 1967ರ ಡಿಸೆಂಬರಿನ ಕೊಯ್ನಾ ಭೂಕಂಪದ ಬಳಿಕ, 1970ರಲ್ಲಿ ಸಂಹಿತೆಯ ಭೂಕಂಪ ವಲಯ ನಕ್ಷೆ ತಿದ್ದಿ ದೇಶವನ್ನು ಐದು ವಲಯಗಳಾಗಿ ವಿಂಗಡಿಸಲಾಯಿತು. ದಖ್ಖನದ ಒಳನಾಡಿನ ಬಹುಭಾಗ ಅತಿ ಕಡಿಮೆ ಅಪಾಯದ 1ನೇ ವಲಯಕ್ಕೆ ಸೇರಿತು. ಗೊಂದಲ ಬೇರೂರಿದ್ದು ಇಲ್ಲಿ: ‘ಕಡಿಮೆ’ ಎಂಬುದನ್ನು ‘ಇಲ್ಲ’ ಎಂದೇ ಓದಲಾಯಿತು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ 6.2 ಪರಿಮಾಣದ ಭೂಕಂಪ ಸಂಭವಿಸಿತು. ಸತ್ತವರ ಸಂಖ್ಯೆ ಮೂಲದಿಂದ ಮೂಲಕ್ಕೆ ಬದಲಾಗುತ್ತದೆ. ಸುಮಾರು 8,000ದಿಂದ 10,000ದವರೆಗೆ ಹೇಳುತ್ತಾರೆ. ಕಿಲ್ಲಾರಿಯೂ 1ನೇ ವಲಯದಲ್ಲೇ ಇತ್ತು. ಹಿಂದಿನ ವರ್ಷ ಅಲ್ಲಿ ಸಣ್ಣ ಕಂಪನಗಳು ಸಾಲಾಗಿ ಬಂದಿದ್ದವು. ಸಮೀಪದ ಕೆಳ ತೇರ್ಣಾ ಜಲಾಶಯ ಭೂಕಂಪಕ್ಕೆ ಪ್ರಚೋದನೆ ನೀಡಿತೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತ ಮೂಡಿಲ್ಲ.

ಜನರನ್ನು ಕೊಂದದ್ದು ಮನೆಗಳು ಎಂಬುದರಲ್ಲಿ ಮಾತ್ರ ವಿವಾದವಿಲ್ಲ. ಅಲ್ಲಿನಂಥ ಕಲ್ಲು-ಮಣ್ಣಿನ ಮಾಳಿಗೆ ಮನೆಗಳು ರಾಯಚೂರು ಸೀಮೆಗೆ ಹೊಸವಲ್ಲ. ಗೋಡೆ ಎರಡಡಿಗಿಂತಲೂ ದಪ್ಪ. ಒಳಗೊಂದು, ಹೊರಗೊಂದು ಕಲ್ಲಿನ ಸಾಲು, ನಡುವೆ ಕೆಸರು ಮತ್ತು ಚೂರುಗಲ್ಲು. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಸೋರದಿರಲೆಂದು ಮಳೆಗಾಲಕ್ಕೆ ಮುನ್ನ ಸವುಳು ಮಣ್ಣು ಹರವುತ್ತ ಬಂದಂತೆ ತಾರಸಿಯ ಭಾರ ಏರುತ್ತಲೇ ಹೋಗುತ್ತದೆ. ನೆಲ ಅಲುಗಿದಾಗ ಗೋಡೆಯ ಎರಡು ಸಾಲುಗಳು ಬೇರ್ಪಟ್ಟು ಉಬ್ಬುತ್ತವೆ; ಆಮೇಲೆ ಮಣ್ಣಿನ ರಾಶಿ ಮಲಗಿದವರ ಮೇಲೆ ಕುಸಿಯುತ್ತದೆ.

ಕಲ್ಲು-ಮಣ್ಣಿನಂಥ ದುರ್ಬಲ ಗೋಡೆಗಳ ಕಟ್ಟಡಗಳಿಗೆಂದೇ ರೂಪಿಸಿದ ಐಎಸ್ 13828 ಪ್ರಕಟವಾದದ್ದೂ 1993ರಲ್ಲೇ. 2001ರ ಭುಜ್ ಭೂಕಂಪದ ನಂತರ, ಐಎಸ್ 1893ರ 2002ರ ಪರಿಷ್ಕರಣೆಯಲ್ಲಿ 1ನೇ ವಲಯವನ್ನು ಕೈಬಿಟ್ಟು ಅದರ ಪ್ರದೇಶವನ್ನು 2ನೇ ವಲಯಕ್ಕೆ ಸೇರಿಸಲಾಯಿತು. ಕಿಲ್ಲಾರಿ 3ಕ್ಕೆ ಏರಿತು. ರಾಯಚೂರು ಜಿಲ್ಲೆ 2ನೇ ವಲಯದಲ್ಲಿ ಬಂತು. ಆ ಪರಿಷ್ಕರಣೆಯಲ್ಲಿ ಈ ವಲಯದ ಗುಣಾಂಕ (ವಿನ್ಯಾಸಕ್ಕೆ ಲೆಕ್ಕ ಹಿಡಿಯುವ ಕಂಪನದ ಅಳತೆ) 0.10 ಆಗಿತ್ತು. ಒಳನಾಡಿನಲ್ಲಿ ಕಂಪನ ಹಳೆಯ ಮಾತಲ್ಲ: 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ಭೂಮಿ ನಡುಗಿದಾಗ ಜನ ಮನೆಬಿಟ್ಟು ಬಯಲಲ್ಲಿ ಮಲಗಿದರು.

ಹಳೆಯ ಮನೆಯನ್ನು ಕೆಡವದೆಯೂ ಬಲಪಡಿಸಬಹುದು. ತಾರಸಿಯ ಮಣ್ಣನ್ನು ಒಂದು ಗೇಣಿನಷ್ಟಕ್ಕೆ ಇಳಿಸುವುದು, ಗೋಡೆಯಲ್ಲಿ ಅಲ್ಲಲ್ಲಿ ಆರುಪಾರು ತೂತು ತೆಗೆದು ಕೊಕ್ಕೆ ಬಗ್ಗಿಸಿದ ಸರಳಿಟ್ಟು ಕಾಂಕ್ರೀಟ್ ತುಂಬುವುದು: ಕಿಲ್ಲಾರಿಯ ಬಳಿಕ ಮರಾಠವಾಡದಲ್ಲಿ ಅನುಸರಿಸಿದ ಈ ಕ್ರಮಗಳು ತರಬೇತಿ ಪಡೆದ ಊರಿನ ಗೌಂಡಿಯ ಕೈಗೆಟುಕುವಂಥವು.