ಮೈಸೂರು ಸೀಮೆಯಲ್ಲಿ ವ್ಯವಸಾಯ ಶಾಸ್ತ್ರದ ಉನ್ನತ ವ್ಯಾಸಂಗ

ವ್ಯವಸಾಯ ಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗವು ನಮ್ಮಲ್ಲಿ ಬೆಳೆದುಬಂದ ರೀತಿಯನ್ನು ವಿವರಿಸುವವರು ಸಾಮಾನ್ಯವಾಗಿ ಕಾಲೇಜುಗಳು ಸ್ಥಾಪನೆಯಾದ ವರ್ಷಗಳನ್ನು ಒಂದರ ಕೆಳಗೊಂದು ಬರೆದು ತೃಪ್ತರಾಗುತ್ತಾರೆ. ಆ ವರ್ಷಗಳು ಅವಶ್ಯಕವೇ ಹೌದು. ಆದರೆ ಸಂಶೋಧಕನು ತನ್ನ ಪ್ರಶ್ನೆಯನ್ನು ಎಲ್ಲಿಂದ ಪಡೆದನು, ಅವನು ಕಂಡ ಉತ್ತರವು ಯಾರನ್ನು ಮುಟ್ಟಿತು ಎಂಬುದನ್ನು ವಿಚಾರಿಸದಿದ್ದರೆ ಈ ಚರಿತ್ರೆ ಅಪೂರ್ಣವೇ ಸರಿ. ಈ ದೃಷ್ಟಿಯಿಂದ ಹಳೆಯ ಮೈಸೂರು ಸೀಮೆಯ ಅನುಭವವನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

1899ರಲ್ಲಿ, ರಾಜಪ್ರತಿನಿಧಿಯಾಗಿದ್ದ ವಾಣೀವಿಲಾಸ ಸನ್ನಿಧಾನದವರ ಕಾಲದಲ್ಲಿ, ಬೆಂಗಳೂರಿನ ಬಳಿಯ ಹೆಬ್ಬಾಳದಲ್ಲಿ ಪ್ರಯೋಗ ಕ್ಷೇತ್ರವೊಂದಕ್ಕೆ ಭೂಮಿ ದೊರೆಯಿತು. ರಸಾಯನಶಾಸ್ತ್ರಜ್ಞರಾದ ಲೇಮನ್ನರು ಮಣ್ಣಿನ ಪರೀಕ್ಷೆಗಳನ್ನು ಆರಂಭಿಸಿದರು. 1908ರಲ್ಲಿ ಕೆನಡದವರಾದ ಲೆಸ್ಲಿ ಕೋಲ್‌ಮನ್ನರು ಸಸ್ಯರೋಗ ಮತ್ತು ಕೀಟಗಳ ತಜ್ಞರಾಗಿ ಸಂಸ್ಥಾನದ ಸೇವೆಗೆ ಬಂದರು. ಅವರಿಗೆ ಎದುರಾದ ದೊಡ್ಡ ಪ್ರಶ್ನೆಗಳಲ್ಲಿ ಒಂದನ್ನು ಒಡ್ಡಿದುದು ಮಲೆನಾಡಿನ ಅಡಿಕೆಯ ತೋಟ. ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುತ್ತಿದ್ದವು. ಬೆಳೆಗಾರರು ಇದನ್ನು ಕೊಳೆರೋಗವೆಂದು ಕರೆದು, ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡಿಕೊಳ್ಳುತ್ತಿದ್ದರು. ಕೋಲ್‌ಮನ್ನರು ರೋಗಕಾರಕ ಜೀವಿಯನ್ನು ಗುರುತಿಸಿ 1910ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣವನ್ನು ಬೆರೆಸಿದ ಬೋರ್ಡೋ ದ್ರಾವಣವು ತೋಟಗಳಲ್ಲಿ ಬಳಕೆಗೆ ಬಂದಿತು. ರೈತನ ಮಾತಾದ ‘ಕೊಳೆರೋಗ’ವು ಶಾಸ್ತ್ರಗ್ರಂಥಗಳಲ್ಲಿಯೂ ಹಾಗೆಯೇ ಉಳಿಯಿತು. ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿಯೇ ಇದೇ ಹೆಸರು ಸಂದಿತ್ತೆಂಬುದು ಗಮನಾರ್ಹ. ಪ್ರಶ್ನೆಯನ್ನೊಡ್ಡಿದುದೂ ತೋಟ, ಉತ್ತರವನ್ನು ಪಡೆದುದೂ ತೋಟ. ಈ ನಡುವಿನ ಹಾದಿಯನ್ನೇ ನಾವು ಸಂಶೋಧನೆಯೆಂದು ಕರೆಯಬೇಕು.

ಶಿಕ್ಷಣದ ವ್ಯವಸ್ಥೆಯಾದರೋ ಬೇರೊಂದು ದಾರಿಯಲ್ಲಿ ನಡೆಯಿತು. ಹೆಬ್ಬಾಳದಲ್ಲಿ 1913ರಲ್ಲಿ ವ್ಯವಸಾಯ ಶಾಲೆ ತೆರೆಯಿತು. ಅದು ಕಾಲೇಜಾದುದು 1946ರಲ್ಲಿ. ಉನ್ನತ ವ್ಯಾಸಂಗಕ್ಕೆ ಪ್ರಧಾನ ಕೇಂದ್ರವಾಗಿದ್ದುದು ಬಿಹಾರದ ಪೂಸಾದಲ್ಲಿ 1905ರಲ್ಲಿ ಆರಂಭವಾದ ಸಂಶೋಧನಾಲಯ. 1934ರ ಭೂಕಂಪದಲ್ಲಿ ಅದರ ಕಟ್ಟಡ ಹಾಳಾಗಿ, 1936ರಲ್ಲಿ ಸಂಸ್ಥೆ ದೆಹಲಿಗೆ ಸಾಗಿತು. 1958ರಲ್ಲಿ ವಿಶ್ವವಿದ್ಯಾನಿಲಯದ ಸ್ಥಾನ ಪಡೆಯಿತು. ಹೀಗೆ ಕಾಲೇಜುಗಳು ಪಾಠ ಹೇಳಿದವು, ಕ್ಷೇತ್ರಗಳು ಪ್ರಯೋಗ ಮಾಡಿದವು, ಪ್ರಚಾರದ ಹೊಣೆ ಇಲಾಖೆಯದಾಯಿತು. 1952ರ ಅಕ್ಟೋಬರ್ 2ರಂದು ಸಮುದಾಯಾಭಿವೃದ್ಧಿ ಯೋಜನೆ ಆರಂಭವಾದಾಗ ಹಳ್ಳಿಗೆ ಹೋದ ಗ್ರಾಮಸೇವಕನು ಸಂಶೋಧಕನ ಮಾತನ್ನು ರೈತನಿಗೆ ಮುಟ್ಟಿಸಬೇಕಾಗಿತ್ತು. ರೈತನ ಮಾತನ್ನು ಸಂಶೋಧಕನಿಗೆ ಮುಟ್ಟಿಸುವ ದಾರಿ ಮಾತ್ರ ಕಿರಿದಾಗಿಯೇ ಇದ್ದಿತು.

ಈ ಬಿರುಕನ್ನು ಮುಚ್ಚುವ ಯತ್ನವಾಗಿ ವ್ಯವಸಾಯ ವಿಶ್ವವಿದ್ಯಾನಿಲಯಗಳನ್ನು ಕಾಣಬೇಕು. ರಾಧಾಕೃಷ್ಣನ್ನರ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1949ರಲ್ಲಿಯೇ ಗ್ರಾಮೀಣ ವಿಶ್ವವಿದ್ಯಾನಿಲಯಗಳ ಅಗತ್ಯವನ್ನು ಸಾರಿತ್ತು. 1960ರಲ್ಲಿ ಪಂತನಗರದಲ್ಲಿಯೂ 1964ರಲ್ಲಿ ಬೆಂಗಳೂರಿನಲ್ಲಿಯೂ ಇವು ಕಾರ್ಯಾರಂಭ ಮಾಡಿದವು. ಬೆಂಗಳೂರಿನ ಮೊದಲ ಕುಲಪತಿಗಳು ಕೆ. ಸಿ. ನಾಯಕರು. ಮಾದರಿ ಅಮೆರಿಕದ್ದು: ಅಲ್ಲಿ 1862ರ ಶಾಸನವು ಬೋಧನೆಗೆ, 1887ರದು ಪ್ರಯೋಗ ಕ್ಷೇತ್ರಗಳಿಗೆ, 1914ರದು ವಿಸ್ತರಣೆಗೆ ಆಧಾರ ಒದಗಿಸಿತ್ತು. ಅಲ್ಲಿ ಅರ್ಧ ಶತಮಾನದಲ್ಲಿ ಕೂಡಿಬಂದ ಮೂರನ್ನು ಇಲ್ಲಿ ಒಮ್ಮೆಗೇ ತರಲಾಯಿತು.

ಒಳ್ಳೆಯ ಫಲಗಳು ಬಾರದೆ ಇರಲಿಲ್ಲ. ಮಂಡ್ಯದ ಕ್ಷೇತ್ರದಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಪಡೆದ ‘ಇಂಡಾಫ್’ ತಳಿಗಳು, ಒಣಭೂಮಿಯ ಒಕ್ಕಲಿನ ಅನ್ನವನ್ನೇ ವಿಷಯವಾಗಿ ಆರಿಸಿಕೊಂಡ ಸಂಶೋಧನೆಗೆ ನಿದರ್ಶನವಾಗಿವೆ.

ಇಷ್ಟಾದರೂ ಒಂದು ವಿಭಜನೆ ಹೋಗಿಲ್ಲ. ಬೆಳೆಯ ಶಾಸ್ತ್ರ ಒಂದು ಕಡೆ, ಬೆಳೆಯುವವನ ಬದುಕಿನ ಶಾಸ್ತ್ರ ಇನ್ನೊಂದು ಕಡೆ ನಿಂತಿವೆ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ಯಕ್ಕಾಗಿಯೇ ಗದಗಿನಲ್ಲಿ ಪ್ರತ್ಯೇಕ ವಿಶ್ವವಿದ್ಯಾನಿಲಯವೊಂದು 2016ರ ಶಾಸನದಿಂದ ಬಂದುದು ಸಂತೋಷದ ವಿಷಯ. ಆದರೆ ಪ್ರತ್ಯೇಕತೆಯು ಪರಸ್ಪರ ಅಪರಿಚಯವಾಗಬಾರದು. ಅಡಿಕೆಯ ಕೊಳೆರೋಗವನ್ನೇ ಮತ್ತೆ ನೋಡೋಣ. ಶಿಲೀಂಧ್ರವನ್ನು ಬಲ್ಲವನಿಗೆ ಅದು ರೋಗ. ಸಾಲ ಮಾಡಿ ಔಷಧಿ ಕೊಂಡವನಿಗೆ ಅದು ಬಡ್ಡಿ. ಮರವೇರುವ ಕೊನೆಗಾರನು ಸಿಕ್ಕದಾಗ ಅದು ಕೂಲಿಯ ಪ್ರಶ್ನೆ. ಮೂರೂ ಒಂದೇ ತೋಟದ ಸಂಗತಿಗಳು.

ಸ್ನಾತಕೋತ್ತರ ವಿದ್ಯಾರ್ಥಿಯು ಪ್ರಬಂಧದ ವಿಷಯವನ್ನು ಆರಿಸುವ ಹೊತ್ತಿಗೆ ಒಂದು ಮಳೆಗಾಲವನ್ನಾದರೂ ಹಳ್ಳಿಯಲ್ಲಿ ಕಳೆದಿರಬೇಕೆಂದು ನಾವು ಬಯಸುತ್ತೇವೆ. ವ್ಯವಸಾಯದ ವಿದ್ಯಾರ್ಥಿ ಅಲ್ಲಿ ಸಾಲದ ಲೆಕ್ಕವನ್ನೂ, ಗ್ರಾಮೀಣಾಭಿವೃದ್ಧಿಯ ವಿದ್ಯಾರ್ಥಿ ಮಣ್ಣು ನೀರುಗಳ ಗುಣವನ್ನೂ ಕಲಿಯಲಿ. ಪದವಿಗಳ ಸಂಖ್ಯೆ ಹೆಚ್ಚಿದುದರಿಂದ ಮಾತ್ರ ವಿದ್ಯೆ ಹೆಚ್ಚಿತೆನ್ನಲಾಗದು. ಕೊಟ್ಟೆ ಕಟ್ಟಿದ ರೈತನ ಅನುಭವಕ್ಕೂ ಸೂಕ್ಷ್ಮದರ್ಶಕಕ್ಕೂ ನಡುವೆ ಸಂಭಾಷಣೆ ಸಾಧ್ಯವೆಂದು ನಮ್ಮ ಚರಿತ್ರೆಯೇ ತೋರಿಸಿದೆ; ಅದನ್ನು ಮುಂದುವರಿಸುವ ಹೊಣೆ ಇಂದಿನ ವಿದ್ಯಾರ್ಥಿಗಳದು, ಅವರಿಗೆ ಪಾಠ ಹೇಳುವ ನಮ್ಮದೂ ಹೌದು.